ಮಳೆಗಾಲ ದಾಟಿದ ಪೆಟ್ಟಿಗೆ

ಮಲೆನಾಡಿನ ಯಾವ ಊರಿಗೆ ಹೋದರೂ ಒಂದೆರಡು ಮನೆಗಳ ಕೊಟ್ಟಿಗೆಯ ಅಟ್ಟದಲ್ಲೋ, ಅಡಿಕೆ ಸುಲಿಯುವ ಜಗಲಿಯ ಮೂಲೆಯಲ್ಲೋ ಖಾಲಿ ಜೇನುಪೆಟ್ಟಿಗೆ ಕಣ್ಣಿಗೆ ಬೀಳುತ್ತದೆ. ಮುಚ್ಚಳ ತೆಗೆದರೆ ಜೇಡರಬಲೆ, ಚೌಕಟ್ಟಿಗೆ ಅಂಟಿಕೊಂಡ ಕಪ್ಪು ಎರಿಯ ತುಂಡು, ಅದರ ತುಂಬ ಮೇಣದ ಹುಳ ನೇಯ್ದ ಬಿಳಿ ನೂಲು. ಕಥೆ ಕೇಳಿದರೆ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಮನೆಯ ಹುಡುಗ ತರಬೇತಿಗೆ ಹೋಗಿ ಬಂದ, ಸಹಾಯಧನದಲ್ಲಿ ಪೆಟ್ಟಿಗೆ ಸಿಕ್ಕಿತು, ಫೆಬ್ರವರಿಯಲ್ಲಿ ಜೇನು ಕುಟುಂಬ ಕೂರಿಸಿದ, ಏಪ್ರಿಲ್‌ನಲ್ಲಿ ನಾಲ್ಕು ಬಾಟಲಿ ಜೇನುತುಪ್ಪ ತೆಗೆದು ನೆಂಟರಿಗೆಲ್ಲ ಹಂಚಿದ. ದೀಪಾವಳಿಗೆ ನೋಡಿದರೆ ಹುಳವಿಲ್ಲ.

"ಹುಳ ಓಡಿಹೋಯ್ತು" ಎನ್ನುತ್ತಾರೆ ಮನೆಯವರು, ತಪ್ಪೆಲ್ಲ ಜೇನಿನದೇ ಎಂಬಂತೆ. ಆದರೆ ಅದು ಹೋದದ್ದು ಹಸಿವಿಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಡೆಬಿಡದೆ ಮಳೆ ಸುರಿಯುವಲ್ಲಿ ಹುಳ ಹೊರಗೆ ಹಾರಲಾರದು. ಹಾರಿದರೂ ಹೂವಿನ ಮಕರಂದ ತೊಳೆದುಹೋಗಿರುತ್ತದೆ. ಬೇಸಿಗೆಯಲ್ಲಿ ಕೂಡಿಟ್ಟದ್ದನ್ನು ಯಜಮಾನ ಮೇ ಕೊನೆಯ ವಾರದಲ್ಲಿ ಹಿಂಡಿಕೊಂಡಿರುತ್ತಾನೆ. ತಿನ್ನಲು ಇಲ್ಲದಾಗ ರಾಣಿ ಮೊಟ್ಟೆಯಿಡುವುದನ್ನು ನಿಲ್ಲಿಸುತ್ತದೆ, ಹುಳ ಕರಗುತ್ತಾ ಬರುತ್ತದೆ, ಕಾವಲಿಲ್ಲದ ಎರಿಗೆ ಮೇಣದ ಪತಂಗ ನುಗ್ಗುತ್ತದೆ. ಉಳಿದ ಒಂದು ಹಿಡಿ ಹುಳ ಮನೆ ಬಿಟ್ಟು ಹೊರಡುತ್ತದೆ.

ತುಪ್ಪ ತೆಗೆಯುವುದನ್ನು ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ಕುಟುಂಬವನ್ನು ಮಳೆಗಾಲ ದಾಟಿಸಿ, ದಸರೆ ಕಳೆದ ಮೇಲೆ ಒಂದನ್ನು ಎರಡು ಮಾಡುವ ಕೈ ಪಳಗಲು ಎರಡು ಮೂರು ವರ್ಷ ಬೇಕು. ಜೇನಿನಿಂದ ಹೊಟ್ಟೆ ಹೊರೆಯಬೇಕೆನ್ನುವ ಯುವಕ ಯುವತಿಯರ ಸಂಪಾದನೆ ನಿಂತಿರುವುದು ಈ ಎರಡನೆಯ ಕೆಲಸದ ಮೇಲೆ.

ಎಂಟು ಮಿಲಿಮೀಟರ್‌ನ ಕಥೆ

ಪೆಟ್ಟಿಗೆಯಲ್ಲಿ ಜೇನು ಸಾಕಲು ಸಾಧ್ಯವಾದದ್ದು ಒಂದು ಸಣ್ಣ ಸಂದಿನಿಂದ. ಎರಡು ಎರಿಗಳ ನಡುವೆ ಹುಳ ಓಡಾಡಲು ಬಿಟ್ಟುಕೊಳ್ಳುವ ಜಾಗ ಒಂದು ಲೆಕ್ಕದಲ್ಲಿರುತ್ತದೆ ಎಂಬುದನ್ನು ಅಮೆರಿಕದ ಲ್ಯಾಂಗ್‌ಸ್ಟ್ರಾತ್ 1851ರಲ್ಲಿ ಬಳಕೆಗೆ ತಂದ. ಅದೇ ತತ್ವದ ಮೇಲೆ ನಮ್ಮ ದೇಶಿ ಜೇನು ತುಡುವೆಗೆ ಹೊಂದುವ ಸಣ್ಣ ಪೆಟ್ಟಿಗೆಯನ್ನು ರೂಪಿಸಿ, 1911ರಿಂದ 1917ರವರೆಗೆ ದಕ್ಷಿಣ ಭಾರತದ ಹಳ್ಳಿಗರಿಗೆ ಕಲಿಸಿದವರು ಪಾದ್ರಿ ನ್ಯೂಟನ್. ಕೊಡಗಿನ ವಿರಾಜಪೇಟೆಯಲ್ಲಿ 1936ರಲ್ಲೇ ಜೇನು ಕೃಷಿಕರ ಸಹಕಾರ ಸಂಘ ಹುಟ್ಟಿತು. ಕೊಡಗಿನ ಜೇನಿಗೆ ಹೆಸರು ಬಂತು. ಆಮೇಲೆ 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ತುಡುವೆಗಳನ್ನು ಗುಡಿಸಿ ಹಾಕಿತು. ಆ ಹೊಡೆತಕ್ಕೆ ಕೈಚೆಲ್ಲಿದ ಮನೆಗಳು ಎಷ್ಟೋ.

ಆ ಸಂದಿನ ಲೆಕ್ಕ ಇವತ್ತಿಗೂ ದುಡ್ಡಿನ ಲೆಕ್ಕವೇ. ತುಡುವೆಗೆ ಬೇಕಾದ್ದು ಸುಮಾರು 7ರಿಂದ 9 ಮಿಲಿಮೀಟರ್. ಊರಿನ ಬಡಗಿ ಕಣ್ಣಳತೆಯಲ್ಲಿ ಮಾಡಿಕೊಟ್ಟ ಅಗ್ಗದ ಪೆಟ್ಟಿಗೆಯಲ್ಲಿ ಸಂದು ಅಗಲವಾದರೆ ಹುಳ ಅಲ್ಲಿ ಅಡ್ಡ ಎರಿ ಕಟ್ಟಿ ಚೌಕಟ್ಟುಗಳನ್ನು ಒಂದಕ್ಕೊಂದು ಬೆಸೆದುಬಿಡುತ್ತದೆ. ಒಂದನ್ನು ಎತ್ತಿದರೆ ಇನ್ನೊಂದು ಹರಿಯುತ್ತದೆ, ರಾಣಿ ನಜ್ಜುಗುಜ್ಜಾಗುತ್ತದೆ. ಐಎಸ್‌ಐ ಮಾದರಿಯ ಎಂಟು ಚೌಕಟ್ಟಿನ ಪೆಟ್ಟಿಗೆಯಾಗಲಿ, ನ್ಯೂಟನ್ ಪೆಟ್ಟಿಗೆಯಾಗಲಿ, ಎಲ್ಲ ಒಂದೇ ಮಾದರಿಯದನ್ನು ಕೊಳ್ಳಿ. ಒಂದರ ಚೌಕಟ್ಟು ಇನ್ನೊಂದರಲ್ಲಿ ಕೂರದಿದ್ದರೆ ಕುಟುಂಬ ಪಾಲು ಮಾಡುವಾಗ ಅಳುವಂತಾಗುತ್ತದೆ.

ಪೆಟ್ಟಿಗೆ ಓದುವುದು

ಪೆಟ್ಟಿಗೆ ತೆರೆಯುವಾಗ ಹೊಗೆತಿದಿ ಇಟ್ಟುಕೊಳ್ಳುವುದು ಹುಳವನ್ನು ಹೆದರಿಸಿ ಓಡಿಸಲಿಕ್ಕಲ್ಲ. ಒಂದು ಹುಳ ಕುಟುಕಿದರೆ ಅಲ್ಲಿಂದ ಮಾಗಿದ ಬಾಳೆಹಣ್ಣಿನಂಥ ವಾಸನೆ ಹೊರಡುತ್ತದೆ. ಉಳಿದವುಗಳಿಗೆ ಅದು 'ಇಲ್ಲೇ ಕುಟುಕಿ' ಎಂಬ ಸೂಚನೆ. ಹೊಗೆ ಆ ವಾಸನೆಯನ್ನು ಮುಚ್ಚಿಹಾಕುತ್ತದೆ. ಜತೆಗೆ ಬೆಂಕಿ ಬಂತೆಂಬ ಗಾಬರಿಗೆ ಹುಳಗಳು ಹೊಟ್ಟೆ ತುಂಬ ಜೇನು ಹೀರಿಕೊಂಡು ಮಂದವಾಗುತ್ತವೆ. ಆದ್ದರಿಂದ ತೆಂಗಿನ ನಾರಿನ ತಣ್ಣನೆಯ ಬಿಳಿ ಹೊಗೆ ಎರಡು ಮೂರು ಸಲ ಊದಿದರೆ ಸಾಕು. ಬಾಳೆಹಣ್ಣು ತಿಂದ ಕೈಯಲ್ಲಿ ಪೆಟ್ಟಿಗೆ ಮುಟ್ಟದಿರುವುದೂ ಒಳ್ಳೆಯದೇ.

ವಾರ ಹತ್ತು ದಿನಕ್ಕೊಮ್ಮೆ, ಬಿಸಿಲಿರುವ ಹೊತ್ತಿನಲ್ಲಿ ತೆರೆಯಿರಿ. ಬಗ್ಗಿ ನೋಡಿ 'ಹುಳ ಇದೆ' ಎಂದು ಮುಚ್ಚಿಬಿಡುವುದು ನೋಡಿದಂತಲ್ಲ.

1. ಮುಚ್ಚಳ ತೆಗೆಯುವ ಮೊದಲು ಬಾಗಿಲ ಬಳಿ ಐದು ನಿಮಿಷ ಕೂತು ನೋಡಿ. ಕಾಲಲ್ಲಿ ಹಳದಿ ಪರಾಗದ ಉಂಡೆ ಹೊತ್ತು ಬರುತ್ತಿದ್ದರೆ ಒಳಗೆ ಮರಿಗಳಿವೆ ಎಂದು ಅರ್ಥ. ಪರಾಗ ಮರಿಗಳ ಊಟ.

2. ಪಕ್ಕದ ಚೌಕಟ್ಟಿನಿಂದ ಶುರುಮಾಡಿ, ಬೆನ್ನಿಗೆ ಬಿಸಿಲು ಬರುವಂತೆ ನಿಂತು, ನೇರವಾಗಿ ಎತ್ತಿ ಹಿಡಿಯಿರಿ. ಓರೆ ಮಾಡಿದರೆ ಬೇಸಿಗೆಯಲ್ಲಿ ಮೆತ್ತಗಾದ ಹೊಸ ಎರಿ ಕಳಚಿ ಬೀಳುತ್ತದೆ.

3. ರಾಣಿಯನ್ನು ಹುಡುಕುತ್ತ ಕೂರಬೇಡಿ, ಮೊಟ್ಟೆ ಹುಡುಕಿ. ಕೋಶದ ತಳದಲ್ಲಿ ಬಿಳಿ ದಾರದ ಚೂರಿನಂತೆ ನೆಟ್ಟಗೆ ನಿಂತ ಮೊಟ್ಟೆ ಕಂಡರೆ ಅದು ಇಟ್ಟ ಮೊದಲ ದಿನದ್ದು. ಮೂರನೆಯ ದಿನಕ್ಕೆ ಅದು ಅಡ್ಡ ಮಲಗಿರುತ್ತದೆ. ನಿಂತ ಮೊಟ್ಟೆ ಇದೆಯೆಂದರೆ ನಿನ್ನೆ ಮೊನ್ನೆಯವರೆಗೆ ರಾಣಿ ಇತ್ತು. ಒಂದೇ ಕೋಶದಲ್ಲಿ ಮೂರು ನಾಲ್ಕು ಮೊಟ್ಟೆ ಅಡ್ಡಾದಿಡ್ಡಿ ಇದ್ದರೆ ರಾಣಿ ಸತ್ತು ಕೆಲಸಗಾರ ಹುಳಗಳೇ ಮೊಟ್ಟೆ ಇಡುತ್ತಿವೆ. ಆ ಕುಟುಂಬವನ್ನು ಇನ್ನೊಂದಕ್ಕೆ ಸೇರಿಸಬೇಕಾದೀತು.

4. ಮುಚ್ಚಿದ ಮರಿಯ ಹಾಸು ಎಡೆಬಿಡದೆ ಹರಡಿದೆಯೇ, ಅಲ್ಲಲ್ಲಿ ತೂತುತೂತಾಗಿದೆಯೇ ನೋಡಿ. ಮರಿ ತಲೆ ಮೇಲೆತ್ತಿ ಸಣ್ಣ ದೋಣಿಯಂತೆ ಸತ್ತು ಮಲಗಿದ್ದರೆ ಮೆಲ್ಲಗೆ ಕಡ್ಡಿಯಿಂದ ಎಳೆಯಿರಿ. ನೀರು ತುಂಬಿದ ಚೀಲದಂತೆ ಹೊರಬಂದರೆ ಅದೇ ಥಾಯ್ ಸ್ಯಾಕ್‌ಬ್ರೂಡ್. ಇದು ವೈರಸ್, ಆ್ಯಂಟಿಬಯಾಟಿಕ್ ಕೆಲಸ ಮಾಡದು. ಆ ಪೆಟ್ಟಿಗೆಯ ಚೌಕಟ್ಟನ್ನು ಬೇರೆಯದಕ್ಕೆ ಹಾಕದಿರುವುದು, ಕೆಲವು ಕಾಲ ಮರಿ ಬೆಳೆಯದಂತೆ ರಾಣಿಯನ್ನು ಬೇರೆ ಇಡುವುದು, ತಾಳಿ ಬದುಕಿದ ಕುಟುಂಬಗಳಿಂದಲೇ ಮುಂದಿನ ಪಾಲು ಮಾಡುವುದು: ಇಷ್ಟೇ ದಾರಿ.

5. ಕೊನೆಗೆ ಅಡಿಮಣೆ. ಅಲ್ಲಿ ಉದುರಿದ ಮೇಣದ ಪುಡಿ ಗುಡಿಸಿ. ಮೇಣದ ಪತಂಗ ಮೊದಲು ಕಾಲೂರುವುದು ಆ ಕಸದಲ್ಲಿ.

ಕಂಡದ್ದನ್ನೆಲ್ಲ ಪೆಟ್ಟಿಗೆಯ ನಂಬರ್ ಹಾಕಿ ಒಂದು ಪುಸ್ತಕದಲ್ಲಿ ಬರೆದಿಡಿ. ಎರಡು ಪೆಟ್ಟಿಗೆ ಇರುವಾಗ ಇದು ಅತಿಯೆನಿಸುತ್ತದೆ; ಹದಿನೈದಾದಾಗ ಯಾವ ರಾಣಿ ಯಾವ ವರ್ಷದ್ದು ಎಂದು ನೆನಪಿರುವವರು ಯಾರೂ ಇಲ್ಲ.

ನಾಲ್ಕು ತಿಂಗಳ ಸಕ್ಕರೆ

ಮಳೆಗಾಲದ ಆರೈಕೆಯ ಗುಟ್ಟು ಎರಡೇ: ಹುಳಕ್ಕೆ ತಿನ್ನಲು ಕೊಡುವುದು, ಹುಳ ಕಾಯಬೇಕಾದ ಜಾಗ ಕಡಿಮೆ ಮಾಡುವುದು.

1. ಮೇ ಕೊನೆಗೆ, ಹುಳ ತುಪ್ಪ ಕೂಡಿಡುವ ಮೇಲಂತಸ್ತು ತೆಗೆಯಿರಿ. ಹುಳ ಮುಚ್ಚದ ಎರಿಗಳನ್ನೆಲ್ಲ ಹೊರತೆಗೆದು, ನಾಲ್ಕೋ ಐದೋ ಎರಿಗೆ ಹುಳ ಒತ್ತೊತ್ತಾಗಿ ಕೂರುವಂತೆ ಮಾಡಿ. ತೆಗೆದ ಎರಿಗಳನ್ನು ಗಾಳಿಯಾಡದಂತೆ ಕಟ್ಟಿಡಿ. ಒಂದು ಎರಿ ಕಟ್ಟುವಷ್ಟು ಮೇಣಕ್ಕೆ ಹುಳ ಎಷ್ಟೋ ಪಟ್ಟು ಜೇನು ತಿನ್ನಬೇಕು, ಹಾಗಾಗಿ ಹಳೆಯ ಒಳ್ಳೆಯ ಎರಿ ಎಂದರೆ ಉಳಿತಾಯದ ಖಾತೆ.

2. ಸಕ್ಕರೆ ಮತ್ತು ನೀರು ಸಮತೂಕ. ನೀರು ಕಾಯಿಸಿ ಇಳಿಸಿ, ಸಕ್ಕರೆ ಕರಗಿಸಿ, ಪೂರ್ತಿ ಆರಿಸಿ. ಬೆಲ್ಲ ಬೇಡ, ಹುಳಕ್ಕೆ ಭೇದಿಯಾಗುತ್ತದೆ. ಅಂಗಡಿಯ ಜೇನೂ ಬೇಡ, ಅದರೊಂದಿಗೆ ರೋಗ ಬಂದೀತು.

3. ತೆಂಗಿನ ಕರಟದಲ್ಲಿ ಪಾಕ ಹೊಯ್ದು, ಮೇಲೆ ನಾಲ್ಕು ಒಣ ಕಡ್ಡಿ ಹಾಕಿ ಪೆಟ್ಟಿಗೆಯೊಳಗೆ ಇಡಿ. ಕಡ್ಡಿ ಇಲ್ಲದಿದ್ದರೆ ಬೆಳಗಾಗುವಾಗ ಪಾಕದಲ್ಲಿ ಹುಳ ತೇಲುತ್ತಿರುತ್ತದೆ.

4. ಸಂಜೆ ಕತ್ತಲಾದ ಮೇಲೆ, ಎಲ್ಲ ಪೆಟ್ಟಿಗೆಗೂ ಅದೇ ದಿನ ಕೊಡಿ. ಹಗಲು ಒಂದಕ್ಕೇ ಕೊಟ್ಟರೆ ಬಲವಾದ ಕುಟುಂಬ ಬಡಕುಟುಂಬದ ಮೇಲೆ ದರೋಡೆಗೆ ಬೀಳುತ್ತದೆ. ಒಂದು ಹನಿ ಹೊರಗೆ ಚೆಲ್ಲಿದರೂ ಜಗಳ ಖಚಿತ.

5. ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲುಗಳು ನೀರಿನ ಬಟ್ಟಲಲ್ಲಿರಲಿ. ಪೆಟ್ಟಿಗೆ ತುಸು ಮುಂದಕ್ಕೆ ಬಾಗಿರಲಿ, ಒಳಗೆ ಬಂದ ನೀರು ಹರಿದು ಹೋಗಲು.

ಖರ್ಚೆಷ್ಟು? ವಾರಕ್ಕೆ ಪೆಟ್ಟಿಗೆಯೊಂದಕ್ಕೆ 200 ಗ್ರಾಂ ಸಕ್ಕರೆ, 16 ವಾರಕ್ಕೆ 3.2 ಕಿಲೋ. 20 ಪೆಟ್ಟಿಗೆಗೆ 64 ಕಿಲೋ. ಕಿಲೋಗೆ 45 ರೂಪಾಯಿ ಹಿಡಿದರೆ 2,880 ರೂಪಾಯಿ. ಮೂರು ಸಾವಿರದೊಳಗಿನ ಈ ಖರ್ಚಿಗೆ ಹಿಂದೆಮುಂದೆ ನೋಡಿ ಇಪ್ಪತ್ತು ಕುಟುಂಬ ಕಳೆದುಕೊಂಡವರನ್ನು ನೋಡಿದರೆ ಸಿಟ್ಟು ಬರುತ್ತದೆ, ಮರುಕವೂ.

ಒಂದು ಎಚ್ಚರಿಕೆ. ಹೂವು ಬಿಡಲು ಶುರುವಾಗಿ ಮೇಲಂತಸ್ತು ಏರಿಸುವ ಮೊದಲೇ ಸಕ್ಕರೆ ನಿಲ್ಲಿಸಿ. ಕಬ್ಬಿನ ಸಕ್ಕರೆಯ ಇಂಗಾಲದ ಗುರುತು ಹೆಚ್ಚಿನ ಹೂಗಿಡಗಳ ಮಕರಂದದ್ದಕ್ಕಿಂತ ಬೇರೆ. ಪ್ರಯೋಗಾಲಯದಲ್ಲಿ ಅದು ಕಂಡುಬಿಡುತ್ತದೆ. ನೀವು ಕಲಬೆರಕೆ ಮಾಡದಿದ್ದರೂ, ಹುಳ ಮೇಲಕ್ಕೆ ಸಾಗಿಸಿಟ್ಟ ಪಾಕ ನಿಮ್ಮನ್ನು ಕಲಬೆರಕೆಯವರನ್ನಾಗಿ ಮಾಡುತ್ತದೆ.

ಒಂದನ್ನು ಎರಡು ಮಾಡುವಾಗ

ಮಳೆ ನಿಂತು ಹೂವು ಬಂದಂತೆ, ಅಕ್ಟೋಬರ್‌ನಿಂದ ಜನವರಿಯವರೆಗೆ, ಕುಟುಂಬ ತಾನಾಗಿಯೇ ಪಾಲಾಗಲು ಹೊರಡುತ್ತದೆ. ಅದಕ್ಕೆ ಮೊದಲು ಗಂಡುಹುಳದ ಕೋಶಗಳು ಕಾಣಿಸುತ್ತವೆ. ಉಬ್ಬಿದ ಮುಚ್ಚಳ, ಅದರ ನಡುವೆ ಸೂಜಿ ಚುಚ್ಚಿದಂಥ ತೂತು. ತುಡುವೆಯ ಗಂಡುಕೋಶದ ಗುರುತೇ ಅದು. ಆಮೇಲೆ ಎರಿಯ ಕೆಳ ಅಂಚಿನಲ್ಲಿ ಶೇಂಗಾಕಾಯಿಯಂತೆ ಜೋತುಬಿದ್ದ ರಾಣಿಕೋಶ. ನೀವು ಪಾಲು ಮಾಡದಿದ್ದರೆ ಹಳೆಯ ರಾಣಿ ಅರ್ಧ ಹುಳವನ್ನು ಕರೆದುಕೊಂಡು ಮರದ ಕೊಂಬೆಗೆ ಹೋಗಿ ಕೂರುತ್ತದೆ. ಮಾಡಿದರೆ ಅದೇ ಅರ್ಧ ನಿಮ್ಮ ಹೊಸ ಪೆಟ್ಟಿಗೆ.

ಇಲ್ಲಿ ಬೇಕಾದ್ದು ದಿನಗಳ ಲೆಕ್ಕ. ರಾಣಿಯಾಗುವ ಮೊಟ್ಟೆ ಮೂರು ದಿನಕ್ಕೆ ಒಡೆಯುತ್ತದೆ, ಎಂಟನೆಯ ದಿನದ ಆಸುಪಾಸಿಗೆ ಕೋಶ ಮುಚ್ಚುತ್ತದೆ, 15-16ನೆಯ ದಿನ ರಾಣಿ ಹೊರಬರುತ್ತದೆ. ಕೋಶ ಮುಚ್ಚಿದ ಮೇಲೆ ಪಾಲು ಮಾಡಿ.

1. ಹಳೆಯ ರಾಣಿ ಕೂತ ಎರಿಯನ್ನು, ಮರಿ ಇರುವ ಒಂದೆರಡು ಎರಿ ಮತ್ತು ಆಹಾರದ ಒಂದು ಎರಿಯೊಂದಿಗೆ ಹೊಸ ಪೆಟ್ಟಿಗೆಗೆ ಹಾಕಿ. ರಾಣಿ ಕಣ್ಣಾರೆ ಕಾಣುವವರೆಗೆ ಮುಂದುವರಿಯಬೇಡಿ.

2. ಹಳೆಯ ಪೆಟ್ಟಿಗೆಯಲ್ಲಿ ನೇರವಾಗಿ, ದಪ್ಪಗೆ ಬೆಳೆದ ಒಂದು ರಾಣಿಕೋಶ ಬಿಟ್ಟು ಉಳಿದವನ್ನು ತೆಗೆಯಿರಿ. ನಾಲ್ಕೈದು ಬಿಟ್ಟರೆ ಮೊದಲು ಹುಟ್ಟಿದ ರಾಣಿಯೂ ಹುಳ ಕರೆದುಕೊಂಡು ಹೊರಟೀತು.

3. ಹುಳ ನೆನಪಿಟ್ಟುಕೊಳ್ಳುವುದು ಜಾಗವನ್ನು, ಪೆಟ್ಟಿಗೆಯನ್ನಲ್ಲ. ಆದ್ದರಿಂದ ಮೊದಲಿದ್ದ ಜಾಗದಿಂದ ಎಡಕ್ಕೊಂದು ಬಲಕ್ಕೊಂದು ಸಮದೂರದಲ್ಲಿ ಇಡಿ. ಮೇಯಲು ಹೋದ ಹುಳ ಎರಡಕ್ಕೂ ಹಂಚಿಹೋಗುತ್ತದೆ. ಆಮೇಲೆ ಹಳೆಯ ರಾಣಿಯ ಪೆಟ್ಟಿಗೆಯನ್ನು ದಿನಕ್ಕೆ ಒಂದೆರಡು ಅಡಿಯಂತೆ ದೂರ ಮಾಡಬಹುದು.

4. ಕೋಶದಿಂದ ಹೊಸ ರಾಣಿ ಹೊರಬಂದ ಮೇಲೆ ಸುಮಾರು ಎರಡು ವಾರ ಆ ಪೆಟ್ಟಿಗೆ ತೆರೆಯಬೇಡಿ, ಜಾಗವನ್ನೂ ಬದಲಿಸಬೇಡಿ. ಕೂಡಲು ಹೊರಗೆ ಹಾರಿದ ರಾಣಿ ಮರಳುವಾಗ ಗುರುತು ತಪ್ಪಿದರೆ ಅಲ್ಲಿಗೆ ಮುಗಿಯಿತು. ಬಾಗಿಲಿಗೆ ರಾಣಿ ತಡೆಯ ಗೇಟು ಹಾಕಿ ಮರೆತು ಕೂತವರೂ ಇದ್ದಾರೆ. ರಾಣಿ ಹೊರಗೇ ಹೋಗದೆ ಗೊಡ್ಡಾಗಿ ಉಳಿಯುತ್ತದೆ.

5. ಮೂರು ವಾರ ಕಳೆದರೂ ಮೊಟ್ಟೆ ಕಾಣದಿದ್ದರೆ ಇನ್ನೊಂದು ಕುಟುಂಬದೊಂದಿಗೆ ಸೇರಿಸಿ. ಎರಡರ ನಡುವೆ ಅಲ್ಲಲ್ಲಿ ಸೂಜಿಯಿಂದ ಚುಚ್ಚಿದ ದಿನಪತ್ರಿಕೆಯ ಹಾಳೆ ಹಾಸಿ. ಹುಳ ಕಾಗದ ಕಡಿದು ದಾರಿ ಮಾಡಿಕೊಳ್ಳುವಷ್ಟರಲ್ಲಿ ವಾಸನೆಗಳು ಬೆರೆತು ಜಗಳ ತಪ್ಪುತ್ತದೆ.

ಮರದ ಪೊಟರೆಯಿಂದಲೋ ಹುತ್ತದಿಂದಲೋ ಕುಟುಂಬ ತೆಗೆಯುವ ಕೈಚಳಕ ಬೇರೆಯೇ. ಮರಿ ಇರುವ ಎರಿಗಳನ್ನು ಚೌಕಟ್ಟಿನಗಲಕ್ಕೆ ಕತ್ತರಿಸಿ, ಮೇಲ್ಭಾಗ ಮೇಲೇ ಇರುವಂತೆ ಬಾಳೆನಾರಿನಲ್ಲಿ ಕಟ್ಟುತ್ತಾರೆ. ನಾಲ್ಕೈದು ದಿನ ಕಳೆದು ನೋಡಿದರೆ ಹುಳಗಳು ಎರಿಯನ್ನು ಚೌಕಟ್ಟಿಗೆ ಬೆಸೆದು, ಇನ್ನು ಬೇಡವಾದ ನಾರನ್ನು ಎಳೆಎಳೆಯಾಗಿ ಕಡಿದು ಬಾಗಿಲ ಹೊರಗೆ ಎಳೆದು ಹಾಕಿರುತ್ತವೆ. ಕುಟುಂಬ ನಿಂತಿತು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಗುರುತಿಲ್ಲ. ಮೀಸಲು ಅರಣ್ಯದಿಂದ ಅನುಮತಿಯಿಲ್ಲದೆ ತರಬೇಡಿ, ಅದು ಅಪರಾಧ.

ತುಪ್ಪ ತೆಗೆಯುವಾಗ

ಮೇಲಂತಸ್ತಿನ ಎರಿಯಲ್ಲಿ ಮುಕ್ಕಾಲು ಪಾಲು ಕೋಶಗಳಿಗೆ ಮೇಣದ ಮುಚ್ಚಳ ಬಿದ್ದಿರಬೇಕು. ಮಕರಂದದ ನೀರನ್ನು ರೆಕ್ಕೆ ಬೀಸಿ ಬೀಸಿ ಒಣಗಿಸಿ, ಹದ ಬಂದಮೇಲೆಯೇ ಹುಳ ಮುಚ್ಚುವುದು. ಅವಸರಪಟ್ಟು ತೆಗೆದ ತುಪ್ಪ ಒಂದೆರಡು ತಿಂಗಳಲ್ಲಿ ನೊರೆಯೆದ್ದು ಹುಳಿಯಾಗುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಿಯಮದಂತೆ ತೇವಾಂಶ ಶೇ 20 ದಾಟುವಂತಿಲ್ಲ. ಪಶ್ಚಿಮಘಟ್ಟದ ತೇವದ ಹವೆಯಲ್ಲಿ ಮುಚ್ಚಿದ ತುಡುವೆ ಜೇನೂ ಕೆಲವೊಮ್ಮೆ ಈ ಗೆರೆ ದಾಟಿರುತ್ತದೆ. ಆದ್ದರಿಂದ ತೇವಾಂಶ ಅಳೆಯುವ ಕೈಯಗಲದ ರಿಫ್ರ್ಯಾಕ್ಟೋಮೀಟರ್ ಕೊಳ್ಳುವುದು ಹೊಸ ಪೆಟ್ಟಿಗೆ ಕೊಳ್ಳುವುದಕ್ಕಿಂತ ತುರ್ತಿನ ಕೆಲಸ. ಹೆಚ್ಚಿದ್ದರೆ ಸಹಕಾರ ಸಂಘದ ಸಂಸ್ಕರಣಾ ಘಟಕಕ್ಕೆ ಕೊಡಿ. ನೇರ ಒಲೆಯ ಮೇಲಿಟ್ಟು ಕುದಿಸಿದರೆ ಪರಿಮಳವೂ ಹೋಯಿತು, ಪರೀಕ್ಷೆಯಲ್ಲೂ ಸಿಕ್ಕಿಬೀಳುತ್ತೀರಿ.

ಮರಿಕೋಣೆಯ ಎರಿಗೆ ಕೈ ಹಾಕಬೇಡಿ. ಕೊನೆಯ ಕೊಯ್ಲಿನಲ್ಲಿ ಹುಳಕ್ಕೆಂದು ಒಂದು ಪಾಲು ಬಿಡಿ.

ಮಾರುವಾಗ ಗಿರಾಕಿ ಎರಡು ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಹರಳುಗಟ್ಟಿದರೆ ಸಕ್ಕರೆ ಬೆರೆಸಿದ್ದಾ? ಅಲ್ಲ, ಸೂರ್ಯಕಾಂತಿ, ಸಾಸಿವೆಯ ಜೇನು ಬೇಗ ಹರಳುಗಟ್ಟುವುದು ಅದರ ಗುಣ. ನೀರಿಗೆ ಹಾಕಿ, ಬೆಂಕಿ ಹಚ್ಚಿ ಪರೀಕ್ಷಿಸಬಹುದಾ? ಆ ಪರೀಕ್ಷೆಗಳಿಂದ ಏನೂ ಗೊತ್ತಾಗದು. ಒಂದು ವರ್ಷದೊಳಗಿನ ಕೂಸಿಗೆ ಜೇನು ನೆಕ್ಕಿಸಬಾರದು ಎಂಬುದನ್ನು ಕೇಳದಿದ್ದರೂ ನೀವೇ ಹೇಳಿ, ಬಾಟಲಿಯ ಮೇಲೆ ಬರೆಯಿರಿ.

ಲೆಕ್ಕಕ್ಕೆ ಕೂತರೆ

ನಮ್ಮಲ್ಲಿ ತುಡುವೆ ಪೆಟ್ಟಿಗೆಯೊಂದು ವರ್ಷಕ್ಕೆ ಸಾಮಾನ್ಯವಾಗಿ 5ರಿಂದ 10 ಕಿಲೋ ಕೊಡುತ್ತದೆ. 20 ಪೆಟ್ಟಿಗೆ, ಸರಾಸರಿ 6 ಕಿಲೋ ಎಂದರೆ 120 ಕಿಲೋ. ಕಿಲೋಗೆ 500 ರೂಪಾಯಿ ಸಿಕ್ಕಿತು ಎಂದುಕೊಳ್ಳಿ: 60,000. ವರ್ಷದ ಆದಾಯಕ್ಕೆ ಇದು ಸಾಲದು. ಬರಿ ತುಪ್ಪ ನಂಬಿ ಕೆಲಸ ಬಿಟ್ಟು ಬನ್ನಿ ಎನ್ನುವವರನ್ನು ನಂಬಬೇಡಿ. ಹತ್ತು ಕುಟುಂಬ ಪಾಲು ಮಾಡಿ, ಒಂದಕ್ಕೆ 2,000 ರೂಪಾಯಿಯಂತೆ ಮಾರಿದರೆ ಮತ್ತೆ 20,000. ಮೇಣ ಉಂಟು. ಗೋಡೆಯಲ್ಲಿ ಕೂತ ಜೇನು ತೆಗೆದುಕೊಡಲು ಕರೆಯುತ್ತಾರೆ, ಅದಕ್ಕೆ ಕೂಲಿ ಕೇಳಲು ಸಂಕೋಚ ಬೇಡ. ದಕ್ಷಿಣ ಕನ್ನಡದ ಜೇನು ಕೃಷಿಕರು ರಬ್ಬರ್ ಚಿಗುರುವ ಫೆಬ್ರವರಿ–ಮಾರ್ಚ್‌ನಲ್ಲಿ ಪೆಟ್ಟಿಗೆಗಳನ್ನು ತೋಟಗಳಿಗೆ ಸಾಗಿಸುತ್ತಾರೆ. ಅಲ್ಲಿ ಹುಳ ಮಕರಂದ ಹೀರುವುದು ಹೂವಿನಿಂದಲ್ಲ, ಎಳೆಯ ಎಲೆಯ ತೊಟ್ಟಿನಿಂದ.

ಬಯಲುಸೀಮೆಯವರಿಗೆ ಇನ್ನೊಂದು ದಾರಿ ಪರಾಗಸ್ಪರ್ಶದ ಬಾಡಿಗೆ. ಗುಂಡ್ಲುಪೇಟೆ ಕಡೆಯ ಸೂರ್ಯಕಾಂತಿ, ಕಲ್ಲಂಗಡಿ, ಸೌತೆ, ಈರುಳ್ಳಿ ಬೀಜದ ಬೆಳೆಗೆ ಜೇನು ಬೇಕೇಬೇಕು. ಪೆಟ್ಟಿಗೆಯನ್ನು ಹೂವು ಬಿಡುವ ಮೊದಲೇ ಒಯ್ಯಬೇಡಿ. ಹುಳ ಒಮ್ಮೆ ಪಕ್ಕದ ಹೊಲದ ಹೂವಿಗೆ ಒಗ್ಗಿದರೆ ಅದಕ್ಕೇ ಅಂಟಿಕೊಳ್ಳುತ್ತದೆ. ನೂರಕ್ಕೆ ಐದು ಹತ್ತು ಹೂವು ಅರಳಿದ ಮೇಲೆ, ರಾತ್ರಿ, ಬಾಗಿಲಿಗೆ ಜಾಲರಿ ಕಟ್ಟಿ ಸಾಗಿಸಿ. ಔಷಧಿ ಸಿಂಪಡಿಸುವ ಮಾತು ಮೊದಲೇ ಆಗಲಿ: ಇಮಿಡಾಕ್ಲೋಪ್ರಿಡ್‌ನಂಥ ಕೀಟನಾಶಕ ಹೂವಿನ ಹೊತ್ತಿಗೆ ಬೇಡವೇ ಬೇಡ, ಬೇರೇನನ್ನಾದರೂ ಹೊಡೆಯಲೇಬೇಕಾದರೆ ಹುಳ ಗೂಡು ಸೇರಿದ ಮೇಲೆ.

ಪದೇಪದೇ ಆಗುವ ತಪ್ಪುಗಳು

ಮೊದಲ ವರ್ಷವೇ ಐವತ್ತು ಪೆಟ್ಟಿಗೆ ತರುವುದು. ತುಡುವೆ ಸುಮಾರು ಒಂದು, ಒಂದೂವರೆ ಕಿಲೋಮೀಟರ್ ಸುತ್ತಲಲ್ಲಿ ಮೇಯುತ್ತದೆ. ಒಂದೇ ತೋಟದಲ್ಲಿ ಐವತ್ತಿಟ್ಟರೆ ಎಲ್ಲಕ್ಕೂ ಅರೆಹೊಟ್ಟೆ.

ದಿನಾ ತೆರೆದು ನೋಡುವುದು. ತುಡುವೆಗೆ ಕಿರಿಕಿರಿಯಾದರೆ ಮನೆ ಬದಲಿಸುತ್ತದೆ.

ಹೆಚ್ಚು ಇಳುವರಿಯ ಆಸೆಗೆ ಮಲೆನಾಡಿನ ಮಳೆಗೆ ಮೆಲ್ಲಿಫೆರಾ ಎಂಬ ಯುರೋಪಿನ ಜೇನು ತರುವುದು. ವರ್ಷವಿಡೀ ಹೂವು ಅರಸಿ ಲಾರಿಯಲ್ಲಿ ಊರೂರು ತಿರುಗಲು ತಯಾರಿದ್ದವರಿಗೆ ಮಾತ್ರ ಅದು ಲಾಭ.

ಕುಟುಕಿಸಿಕೊಳ್ಳುವುದೇ ಗಂಡಸುತನ ಎಂದು ಮುಖಪರದೆ ಇಲ್ಲದೆ ಹೋಗುವುದು. ಕುಟುಕಿದ ಕೂಡಲೇ ಉಗುರಿನಿಂದ ಕೆರೆದು ಮುಳ್ಳು ತೆಗೆಯಿರಿ, ಅದು ವಿಷ ಒಸರುತ್ತಲೇ ಇರುತ್ತದೆ. ಮೈತುಂಬ ದದ್ದು, ತುಟಿ ಊದುವುದು, ಉಸಿರು ಕಟ್ಟುವುದು, ತಲೆ ಸುತ್ತುವುದು ಕಂಡರೆ ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಓಡಿ. ಒಮ್ಮೆ ಹಾಗಾದವರು ವೈದ್ಯರನ್ನು ಕೇಳದೆ ಮತ್ತೆ ಪೆಟ್ಟಿಗೆ ಮುಟ್ಟಬಾರದು.

ಎಲ್ಲಿಂದ ಶುರು

ತೋಟಗಾರಿಕೆ ಇಲಾಖೆಯ ಭಾಗಮಂಡಲದ ಕೇಂದ್ರ, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ (ಜಿಕೆವಿಕೆ) ಜೇನು ವಿಭಾಗ, ಜಿಲ್ಲೆಗಳ ಕೃಷಿ ವಿಜ್ಞಾನ ಕೇಂದ್ರಗಳನ್ನು ವಿಚಾರಿಸಿ. 1962ರಲ್ಲಿ ಶುರುವಾದ ಪುಣೆಯ ಕೇಂದ್ರೀಯ ಜೇನು ಸಂಶೋಧನೆ ಮತ್ತು ತರಬೇತಿ ಸಂಸ್ಥೆಯೂ ಇದೆ. ಸಹಾಯಧನದ ಪ್ರಮಾಣ ವರ್ಷದಿಂದ ವರ್ಷಕ್ಕೆ ಬದಲಾಗಬಹುದು, ಪೆಟ್ಟಿಗೆಗೆ ಮುಂಗಡ ಕೊಡುವ ಮೊದಲು ತಾಲ್ಲೂಕಿನ ತೋಟಗಾರಿಕೆ ಕಚೇರಿಯಲ್ಲಿ ಕೇಳಿ. ತರಬೇತಿ ಮುಗಿದ ಮೇಲೆ ಊರಿನ ಹಳೆಯ ಜೇನು ಸಾಕಣೆಗಾರರೊಬ್ಬರ ಬೆನ್ನು ಹತ್ತಿ ಒಂದು ಮಳೆಗಾಲ ಅವರ ಪೆಟ್ಟಿಗೆಗಳಿಗೆ ಪಾಕ ಹೊಯ್ಯಿರಿ.

ಆಮೇಲೆ ನವೆಂಬರ್‌ನಲ್ಲಿ ಎರಡು ಕುಟುಂಬ ಕೊಳ್ಳಿ. ಒಂದೇ ಇದ್ದರೆ ಹೋಲಿಸಿ ನೋಡಲಾಗದು, ರಾಣಿ ಸತ್ತರೆ ಮೊಟ್ಟೆಯ ಎರಿ ಕೊಡಲು ಇನ್ನೊಂದು ಇರುವುದಿಲ್ಲ. ಹಗಲಲ್ಲೇ ಹೋಗಿ, ಮಾರುವವರ ಎದುರೇ ಪೆಟ್ಟಿಗೆ ತೆರೆಸಿ: ಕನಿಷ್ಠ ನಾಲ್ಕು ಎರಿ ತುಂಬ ಹುಳ, ಎರಡರಲ್ಲಿ ಮುಚ್ಚಿದ ಮರಿ, ಒಂದರಲ್ಲಿ ನಿಂತ ಮೊಟ್ಟೆ. ಒಪ್ಪಿಗೆಯಾದರೆ ಕತ್ತಲಾಗುವವರೆಗೆ ಕಾಯಿರಿ, ಹುಳವೆಲ್ಲ ಒಳಸೇರಿದ ಮೇಲೆ ಬಾಗಿಲಿಗೆ ಜಾಲರಿ ಕಟ್ಟಿ, ಅಲುಗದಂತೆ ಮನೆಗೆ ತಂದು, ಬೆಳಗಿನ ಬಿಸಿಲು ಬೀಳುವ ಕಡೆ ಬಾಗಿಲು ತಿರುಗಿಸಿಟ್ಟು, ರಾತ್ರಿಯೇ ಜಾಲರಿ ಬಿಚ್ಚಿ ಮಲಗಿ.